ಹಗೇವಿಗೆ ಇಳಿದ ಕಾದಂಬರಿಕಾರ

ಕಾದಂಬರಿ ಬರೆಯುವವನು ಊರಿನಲ್ಲಿ ಯಾರೊಬ್ಬರ ಮನಸ್ಸನ್ನೂ ನೋಯಿಸಬಾರದು ಎಂದು ಮುತ್ತಲಗುಪ್ಪಿಯ ಯಲ್ಲೇಶ ಮೊದಲೇ ನಿರ್ಧರಿಸಿದ್ದ. ಇಷ್ಟು ಒಳ್ಳೆಯ ನಿರ್ಧಾರದಿಂದ ಅಷ್ಟು ದೊಡ್ಡ ಗದ್ದಲ ಎದ್ದದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಯಲ್ಲೇಶ ನಮ್ಮೂರ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಸಂಶಿಯಿಂದ ಯರಗುಪ್ಪಿ ಕಡೆ ಹೋಗುವ ಬಸ್ಸು ನಮ್ಮಲ್ಲಿ ನಿಂತರೆ ನಿಂತಿತು, ಇಲ್ಲವಾದರೆ ಇಲ್ಲ. ಗ್ರಂಥಾಲಯಕ್ಕೆ ಬರುವ ಓದುಗರದೂ ಅದೇ ರೀತಿ. ಬಂದವರು ಪೇಪರಿನಲ್ಲಿ ಒಣಮೆಣಸಿನಕಾಯಿಯ ದರ ನೋಡಿ, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದರು. ಹೀಗಾಗಿ ಅಲ್ಲಿದ್ದ ಪತ್ತೇದಾರಿ ಪುಸ್ತಕಗಳನ್ನೆಲ್ಲ ಓದಿ ಮುಗಿಸುವ ಭಾರ ಯಲ್ಲೇಶನೊಬ್ಬನ ಮೇಲೆಯೇ ಬಿತ್ತು. ಓದಿ ಓದಿ ತಾನೂ ಒಂದು ಬರೆಯಬೇಕೆಂಬ ಆಸೆ ಹುಟ್ಟಿತು.

ಆ ಆಸೆಗೆ ಗಾಳಿ ಹಾಕಿದ್ದು ಒಂದು ಭಾನುವಾರದ ಪುರವಣಿ. ಹೊರದೇಶಗಳಲ್ಲಿ ಈಗ ಹಳೆಯ ಕಾಲದ ಪತ್ತೇದಾರಿ ಕಾದಂಬರಿಗಳಿಗೆ ಬಹಳ ಬೇಡಿಕೆ, ಅದರಲ್ಲೂ ಪತ್ತೇದಾರ ನಿಜವಾಗಿ ಬಾಳಿ ಬದುಕಿದ ಮನುಷ್ಯನೇ ಆಗಿರಬೇಕು ಎಂದು ಅದರಲ್ಲಿ ಬರೆದಿತ್ತು. ಯಲ್ಲೇಶ ಯೋಚಿಸಿದ. ನಮ್ಮೂರಲ್ಲಿ ನಿಜವಾಗಿ ಬದುಕಿ ಸತ್ತವರಿಗೆ ಕೊರತೆಯಿರಲಿಲ್ಲ. ಆದರೆ ಪುಸ್ತಕದ ಮುಖಪುಟಕ್ಕೆ ಫೋಟೋ ಬೇಕಲ್ಲ? ಅಷ್ಟು ಹಳೆಯ ಫೋಟೋ ಇದ್ದದ್ದು ಒಬ್ಬರದೇ: ಬ್ರಿಟಿಷರ ಕಾಲದಲ್ಲಿ ಊರ ಪೊಲೀಸ್ ಪಾಟೀಲರಾಗಿದ್ದ ಸಂಗನಬಸವಗೌಡರದು. ಅವರ ಮರಿಮಗ ಶಂಭುಲಿಂಗಪ್ಪಗೌಡರ ಪಡಸಾಲೆಯಲ್ಲಿ ಅದು ಈಗಲೂ ತೂಗುತ್ತಿದೆ. ರುಮಾಲು, ಮೀಸೆ, ಕೈಯಲ್ಲಿ ಬೆತ್ತ. ಕುರ್ಚಿಯ ಮೇಲೆ ಕೂತಿದ್ದಾರೆ ಎಂದು ನಾವೇ ಊಹಿಸಿಕೊಳ್ಳಬೇಕು, ಏಕೆಂದರೆ ಅವರ ಮೈಯ ಹಿಂದೆ ಕುರ್ಚಿ ಎಲ್ಲಿಯೂ ಕಾಣುವುದಿಲ್ಲ. ಮುಖ ಏನೋ ಗಹನವಾದ ವಿಚಾರದಲ್ಲಿ ಮುಳುಗಿದಂತಿದೆ. ಊಟವಾದ ಮೇಲೆ ತೆಗೆಸಿದ ಫೋಟೋ ಎಂದು ಗೌಡರ ಹೆಂಡತಿ ಶಾರದವ್ವ ಹೇಳುತ್ತಾರೆ.

ಪತ್ತೇದಾರ ಸಿಕ್ಕ. ಅಪರಾಧವೂ ಸಿಕ್ಕಿತು: ಕಲ್ಮೇಶ್ವರ ದೇವರ ಬೆಳ್ಳಿ ಮುಖವಾಡದ ಕಳವು. ನಮ್ಮ ದೇವರಿಗಿರುವುದು ಹಿತ್ತಾಳೆಯ ಮುಖವಾಡ. ಆದರೆ ಹಿತ್ತಾಳೆಗಾಗಿ ಯಾರೂ ಕಾದಂಬರಿ ಓದುವುದಿಲ್ಲ. ತೊಡಕಾದದ್ದು ಕಳ್ಳನ ವಿಷಯದಲ್ಲಿ. ಬಡಿಗೇರರ ಅಜ್ಜನನ್ನು ಕಳ್ಳನನ್ನಾಗಿ ಮಾಡಿದರೆ ನಾಳೆ ಬಾಗಿಲು ಮುರಿದಾಗ ಯಾರೂ ಬರುವುದಿಲ್ಲ. ಪೂಜಾರಿಯ ಅಜ್ಜನನ್ನು ಮಾಡಿದರೆ ತೀರ್ಥ ಸಿಗುವುದಿಲ್ಲ. ಹಾಲಿನ ಡೇರಿಯವರ ಅಜ್ಜನನ್ನು ಮಾಡಿದರೆ ಹಾಲಿಗೆ ನೀರು ಇನ್ನೂ ಹೆಚ್ಚಾಗುತ್ತದೆ. ಕೊನೆಗೆ ಯಲ್ಲೇಶನಿಗೆ ಹೊಳೆದದ್ದು ತನ್ನ ಸ್ವಂತ ಮುತ್ತಜ್ಜ ಲಕ್ಕಪ್ಪ. ಲಕ್ಕಪ್ಪ ಊರ ವಾಲೀಕಾರನಾಗಿದ್ದ. ಊರಿನವರು ಜೋಳ ತುಂಬಿಡುತ್ತಿದ್ದ ಹಗೇವುಗಳನ್ನು, ಅಂದರೆ ನೆಲದೊಳಗಿನ ಕಣಜಗಳನ್ನು, ಕಾಯುವುದು ಅವನ ಕೆಲಸ. ಅವನ ಫೋಟೋ ಇಲ್ಲ. ಯಲ್ಲೇಶನ ಮನೆಯ ಗೋಡೆಯ ಮೇಲಿರುವುದು ಒಂದು ಬುದ್ಧನ ಚಿತ್ರ, ಒಂದು ಕ್ಯಾಲೆಂಡರು ಮಾತ್ರ. ತನ್ನ ಮನೆಯ ಹಿರಿಯನನ್ನು ತಾನೇ ಕಳ್ಳನೆಂದು ಬರೆದರೆ ಜಗಳಕ್ಕೆ ಬರುವವರು ಯಾರು? ಯಲ್ಲೇಶ ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಒಂದು ಚಹಾ ಹೆಚ್ಚು ಕುಡಿದ.

ಹೀಗೆ ಹುಟ್ಟಿತು 'ಮುತ್ತಲಗುಪ್ಪಿ ಮುಖವಾಡದ ಮರ್ಮ'. ಅದರಲ್ಲಿ ಪೊಲೀಸ್ ಪಾಟೀಲರು ಕುರ್ಚಿ ಬಿಟ್ಟು ಏಳದೆಯೇ, ಬರೀ ವಿಚಾರಶಕ್ತಿಯಿಂದ ಲಕ್ಕಪ್ಪನನ್ನು ಹಿಡಿಯುತ್ತಾರೆ. ಅವನು ಕಾಲಿಗೆ ಬಿದ್ದಾಗ ಕರುಣೆಯಿಂದ ಕ್ಷಮಿಸುತ್ತಾರೆ. ಆದರೆ ಬೆಳ್ಳಿ ಎಲ್ಲಿ ಹೋಯಿತು? ಓದುಗರ ಎದೆ ಕೊನೆಯ ಪುಟದವರೆಗೂ ಡವಡವ ಎನ್ನಲಿ ಎಂದು ಯಲ್ಲೇಶ ಕೊನೆಯ ಸಾಲನ್ನು ಹೀಗೆ ಬರೆದ: "ಆ ಬೆಳ್ಳಿ ಇಂದಿಗೂ ಲಕ್ಕಪ್ಪನ ಅಂಗಳದ ಹಗೇವಿನಲ್ಲಿ ಕತ್ತಲೆಯನ್ನೇ ಹೊದ್ದು ಮಲಗಿರಬಹುದೇ?"

ಅದೊಂದು ಪ್ರಶ್ನಾರ್ಥಕ ಚಿಹ್ನೆ. ನಮ್ಮೂರಲ್ಲಿ ಆ ಚಿಹ್ನೆಯನ್ನು ಯಾರೂ ಗಮನಿಸಲಿಲ್ಲ.

ಶಾರದವ್ವ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳಿದರು. ಗೌಡರು ಕೇಳಿ ಕಣ್ಣೀರು ಹಾಕಿದರು.

"ನಮ್ಮ ಮುತ್ತ್ಯಾ ಇಂಥಾ ಶ್ಯಾಣ್ಯಾ ಇದ್ದ ಅಂತ ನನಗ ಒಳಗೊಳಗ ಗೊತ್ತಿತ್ತು," ಎಂದರು. "ನನಗೂ ಆ ಬುದ್ಧಿ ಬಂದೈತಿ. ಮೊನ್ನೆ ಎಮ್ಮಿ ಕಳದಾಗ ಕುಂತಲ್ಲೇ ಹೇಳಲಿಲ್ಲೇನು, ಎಲ್ಲೋ ಹೋಗೇತಿ ಅಂತ?"

ಅಂದೇ ಯಲ್ಲೇಶನನ್ನು ಕರೆಸಿ ಶಾಲು ಹೊದಿಸಿದರು. ಪುಸ್ತಕವನ್ನು ಬೀಗರ ಮನೆಗಳಿಗೆಲ್ಲ ಕಳುಹಿಸಿದರು. ಊರ ಬಾಗಿಲಲ್ಲಿ 'ಪತ್ತೇದಾರ ಸಂಗನಬಸವಗೌಡರ ಮಹಾದ್ವಾರ' ಎಂಬ ಕಮಾನು ಕಟ್ಟಿಸುತ್ತೇನೆಂದು ಸಾರಿದರು. ಇದು ಕಲ್ಪನೆಯ ಕಥೆ ಎಂದು ಯಲ್ಲೇಶ ಹೇಳಲು ಹೋದ. "ದೊಡ್ಡವರ ಲಕ್ಷಣನ ಇದು, ಎಲ್ಲಾ ನಂದಲ್ಲ ಅಂತಾರ," ಎಂದು ಗೌಡರು ಇನ್ನೊಂದು ಶಾಲು ತರಿಸಿದರು.

ಇತ್ತ ಮನೆಯಲ್ಲಿ ಯಲ್ಲೇಶನ ಹೆಂಡತಿ ಸುನಿತಾ ಅದೇ ಪುಸ್ತಕವನ್ನು ಅತ್ತೆಗೆ ಓದಿ ಹೇಳಿದಳು. ಅತ್ತೆ ದುಂಡವ್ವ ರೊಟ್ಟಿ ಬಡಿಯುತ್ತಲೇ ಕೇಳಿಸಿಕೊಂಡಳು. ಕಳ್ಳನ ಹೆಸರು ಬಂದಾಗ ಬಡಿಯುವ ಸದ್ದು ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೋದರೂ ತಿರುವಲಿಲ್ಲ.

"ಲಕ್ಕಪ್ಪ ಅಂದ್ರ ಯಾರ್ ಬೇ? ನಮ್ಮ ಮಾವನವರ ಅಪ್ಪನೇನು?"

"ಹೌದ್ರಿ ಅತ್ತಿ."

ದುಂಡವ್ವ ಕೈ ತೊಳೆದು, ಹೊದೆಯುವ ಕೌದಿ ಸುತ್ತಿ ಎತ್ತಿಕೊಂಡು, ಬಾಜೂ ಮನೆಯ ಫರಹತಳ ಕಟ್ಟೆಗೆ ಹೋಗಿ ಕೂತಳು. ಯಲ್ಲೇಶ ಗ್ರಂಥಾಲಯದಿಂದ ಓಡಿ ಬಂದ.

"ಯವ್ವಾ, ಅದು ಕಥಿ. ಮನಿಗೆ ಬಾ."

"ಕಳ್ಳರ ಮನ್ಯಾಗ ನಾ ನೀರೂ ಮುಟ್ಟೂದಿಲ್ಲ. ಮದಲ ಅವನ ಮ್ಯಾಲಿನ ಕಳುವು ತಗಿ, ಆಮ್ಯಾಲ ಕರಿ."

"ಅಚ್ಚಾಗೇತಲ್ಲವಾ, ಈಗ ಹ್ಯಾಂಗ ತಗೀಲಿ?"

"ಹಚ್ಚಾಕ ಬಂದಿತ್ತಲ್ಲ? ತಗ್ಯಾಕೂ ಬರ್ತೈತಿ."

ಫರಹತ್ ಒಳಗಿಂದ ಚಹಾ ತಂದಿಟ್ಟು, "ಅವ್ವ ಎಷ್ಟ ದಿನ ಬೇಕಾದ್ರೂ ಇರ್ಲಿ ಬಿಡೋ ಅಣ್ಣಾ," ಎಂದಳು. ಸಮಾಧಾನಕ್ಕೆಂದು ಹೇಳಿದ ಮಾತು. ಯಲ್ಲೇಶನಿಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ. ತಾಯಿ ಒಮ್ಮೆ ಹಟ ಹಿಡಿದರೆ ಬಿಡುವವಳಲ್ಲ. ಒಂದು ಸಲ ಸಾರಿಗೆ ಉಪ್ಪು ಹೆಚ್ಚಾಯಿತು ಎಂದ ತಮ್ಮನ ಮನೆಗೆ ಅವನ ಮಗಳ ಲಗ್ನದವರೆಗೂ ಹೋಗಿರಲಿಲ್ಲ.

ದುಂಡವ್ವ ಕೋಪದಿಂದ ಮನೆ ಬಿಟ್ಟಳು. ಊರು ಅದನ್ನು ಸಾಕ್ಷಿ ಎಂದು ತಿಳಿಯಿತು.

"ಹೆತ್ತ ತಾಯಿನ ಕಳ್ಳರ ಮನಿ ಅಂದು ಹೊರಗ ಬಿದ್ದಾಳ ಅಂದ ಮ್ಯಾಲೆ ಇನ್ನೇನ್ ಉಳೀತು?" ಎಂದಿತು ಹಿಟ್ಟಿನ ಗಿರಣಿ. "ಮತ್ತ ಅದು ಬೆಳ್ಳೀದು ಇತ್ತೇನು?" ಎಂದಿತು ಹೋಟೆಲು. ಕೇಳಲು ಎಲ್ಲರೂ ಹೋದದ್ದು ಸುಶೀಲವ್ವನ ಬಳಿಗೆ. ಆಕೆ ಊರಿನಲ್ಲೇ ಹಿರಿಯಳು. ನೆನಪಿಲ್ಲ ಎಂದು ಆಕೆ ಇದುವರೆಗೆ ಯಾರಿಗೂ ಹೇಳಿಲ್ಲ.

"ಇತ್ತಪ್ಪಾ," ಎಂದಳು ಸುಶೀಲವ್ವ. "ನಮ್ಮತ್ತಿ ಹೇಳ್ತಿದ್ದಳು. ಬೆಳಕಿಗಿ ಹಿಡದ್ರ ಅಗದಿ ಕಣ್ಣು ಕುಕ್ಕತಿತ್ತಂತ."

ಮರುದಿನದ ಹೊತ್ತಿಗೆ ಆ ಬೆಳ್ಳಿಯನ್ನು ಕಂಡಿದ್ದ ಅಜ್ಜಂದಿರು ಪ್ರತಿ ಓಣಿಯಲ್ಲೂ ಹುಟ್ಟಿಕೊಂಡರು. ಯಲ್ಲೇಶ ಎದುರಿಗೆ ಬಂದರೆ ಜನ ಮಾತು ನಿಲ್ಲಿಸಿ ಅವನ ಬೈಕು ನೋಡುತ್ತಿದ್ದರು. ಅದು ಹಳೆಯ ಬೈಕು, ಒಂದು ಕನ್ನಡಿ ಮುರಿದಿತ್ತು. ಆದರೂ, "ಇದು ಯಾವಾಗ ತಗೊಂಡಿಪಾ?" ಎಂದು ಕೇಳುವವರ ದನಿಯಲ್ಲಿ ಬೇರೆ ಅರ್ಥ ಇರುತ್ತಿತ್ತು. ಯಲ್ಲೇಶ ನಡೆದುಕೊಂಡೇ ಓಡಾಡತೊಡಗಿದ. ಆಗ ಜನ, "ಬೈಕ್ ಎಲ್ಲಿ ಮುಚ್ಚಿಟ್ಟಿ?" ಎಂದು ಕೇಳಿದರು.

ಯಾರೋ ಪಂಚಾಯಿತಿಗೆ ಅರ್ಜಿ ಕೊಟ್ಟರು. ಪಿಡಿಒ ರೋಹಿಣಿ ಮೇಡಂ ಯಲ್ಲೇಶನನ್ನು ಕರೆಸಿದರು. ಒಳ್ಳೆಯ ಹೆಣ್ಣುಮಗಳು, ಸಂಶಿಯ ಸೊಸೆ, ಕಾಯ್ದೆ ಬಿಟ್ಟು ಕದಲುವವರಲ್ಲ.

"ನೆಲದಾಗ ಸಿಕ್ಕದ್ದು ಸರಕಾರದ್ದು. ನೀವು ಹೇಳಬೇಕಿತ್ತಲ್ರಿ ಯಲ್ಲೇಶ?"

"ಮೇಡಂ, ಅದು ನಾ ಹುಟ್ಟಿಸಿದ್ದರಿ. ಎಲ್ಲಾ ಸುಳ್ಳರಿ."

"ಹಂಗಂತ ಬರದು ಕೊಡ್ತೀರೇನು?"

"ಈಗ ಕೊಡ್ತೀನ್ರಿ!"

"ಕೊಡ್ರಿ. ಆದರ ಸುಳ್ಳು ಬರದು ಊರಿನ ಶಾಂತಿ ಕೆಡಿಸಿದ್ದು ಅಂತ ಅದು ಬ್ಯಾರೆ ಕೇಸ್ ಆಗತೈತಿ. ನಿಮ್ಮ ನೌಕರಿಗಿ ತ್ರಾಸು."

ಯಲ್ಲೇಶ ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿಕೊಂಡ.

ಹಗೇವು ತೆರೆಯುವುದು ಎಂದು ನಿಶ್ಚಯವಾಯಿತು. ಯಲ್ಲೇಶನ ಅಂಗಳದಲ್ಲಿ ಹಗೇವು ಇದ್ದದ್ದು ನಿಜ. ಚಪ್ಪಡಿ ಮುಚ್ಚಿ, ಅದರ ಮೇಲೆ ನೀರಿನ ಡ್ರಮ್ಮು ಇಟ್ಟಿದ್ದರು. ಅವನ ತಂದೆ ಕೂಡ ಅದನ್ನು ತೆರೆದು ನೋಡಿದವನಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬಿಡಬೇಕು, ಆಮೇಲೆ ಕಂದೀಲು ಇಳಿಸಿ ನೋಡಬೇಕು. ಕಂದೀಲು ಆರಿದರೆ ಮನುಷ್ಯನೂ ಆರುತ್ತಾನೆ. ಆದ್ದರಿಂದ ಚಪ್ಪಡಿಯನ್ನು ಹಿಂದಿನ ದಿನವೇ ಸರಿಸಿದರು. ಅದರ ಪಕ್ಕದಲ್ಲಿ ಗೌಡರ ಆಳುಗಳು ಕಾವಲು ಕೂತರು.

ಯಲ್ಲೇಶನಿಗೆ ಊಟ ಸೇರಲಿಲ್ಲ. ಅವನ ಸಂಕಟ ಎರಡು ಬಾಯಿಯದು. ಹಗೇವಿನಲ್ಲಿ ಬೆಳ್ಳಿ ಸಿಕ್ಕರೆ ಮುತ್ತಜ್ಜ ಕಳ್ಳ. ಸಿಗದಿದ್ದರೆ ಮಾರಿ ತಿಂದ ಯಲ್ಲೇಶ ಕಳ್ಳ. ಯಾವ ದಾರಿಯಲ್ಲಿ ಹೋದರೂ ತಾಯಿ ಫರಹತಳ ಕಟ್ಟೆಯಲ್ಲೇ. ಇದ್ದಕ್ಕಿದ್ದಂತೆ ಅವನಿಗೊಂದು ಉಪಾಯ ಹೊಳೆಯಿತು.

"ಸುನಿತಾ, ನಾವ ಒಂಚೂರು ಬೆಳ್ಳಿ ಒಳಗ ಒಗದ ಬಿಟ್ರ? ಸಿಕ್ತು ಅಂತ ದೇವರಿಗಿ ಕೊಟ್ಟು ಕೈ ತೊಳಕೊಂಡ್ರ?"

"ಮನ್ಯಾಗ ಇರೂದು ನನ್ನ ಕಾಲುಂಗುರ ಒಂದ," ಎಂದಳು ಸುನಿತಾ. "ಕಾಲುಂಗುರದಾಗ ದೇವರ ಮುಖ ಹ್ಯಾಂಗ ಮಾಡ್ತೀರಿ?"

ಉಪಾಯ ಅಲ್ಲಿಗೇ ಮುಗಿಯಿತು.

ಮುಂಜಾನೆ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೌಡರು ಮನೆಯಿಂದ ಕುರ್ಚಿ ತರಿಸಿಕೊಂಡು ಕೂತಿದ್ದರು. ರೋಹಿಣಿ ಮೇಡಂ ಪಂಚನಾಮೆಗೆ ಹಾಳೆ ತಂದಿದ್ದರು. ಸುಶೀಲವ್ವನನ್ನು ಹೊತ್ತುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ದುಂಡವ್ವ ಮಾತ್ರ ಫರಹತಳ ಕಟ್ಟೆಯ ಮೇಲೆ, ಇತ್ತ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದಳು.

ಕಂದೀಲು ಇಳಿಸಿದರು. ಆರಲಿಲ್ಲ, ಹಾಗೇ ಮೇಲೆಳೆದುಕೊಂಡರು. ಅದು ಆರಿದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟವನು ಯಲ್ಲೇಶನೊಬ್ಬನೇ. ಯಾರು ಇಳಿಯಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ಅವನತ್ತ ನೋಡಿದರು. ಬರೆದವನಿಗೇ ಜಾಗ ಗೊತ್ತಲ್ಲ! ಏಣಿ ಗಿಡ್ಡವಾಯಿತು. ಗೌಡರ ಆಳುಗಳು ಅವನ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟರು.

ಒಳಗೆ ಹಳೆಯ ಹೊಟ್ಟಿನ ಮುಗ್ಗಲು ವಾಸನೆ. ಯಲ್ಲೇಶ ಮೊಣಕಾಲೂರಿ ಎರಡೂ ಕೈಯಿಂದ ತಡಕಾಡಿದ. ಹೊಟ್ಟು, ಧೂಳು, ಮತ್ತೆ ಹೊಟ್ಟು. ತಾನೇ ಹುಟ್ಟಿಸಿದ ಬೆಳ್ಳಿಗಾಗಿ ಅವನು ಕತ್ತಲೆಯಲ್ಲಿ ಅಷ್ಟು ಶ್ರದ್ಧೆಯಿಂದ ಹುಡುಕಿದ್ದನ್ನು ನೆನೆದರೆ ನನಗೆ ಈಗಲೂ ಅಯ್ಯೋ ಎನಿಸುತ್ತದೆ.

"ಸಿಕ್ತೇನೋ?" ಗೌಡರು ಮೇಲಿಂದ ಕೂಗಿದರು.

"ಏನೂ ಇಲ್ರಿ!"

"ಮಾರ್ಯಾನ!" ಎಂದಿತು ಅಂಗಳ ಒಂದೇ ಬಾಯಿಯಿಂದ.

ಆ ಕೂಗು ಹಗೇವಿನೊಳಗೆ ಗುಂಯ್‌ಗುಟ್ಟಿತು. ಯಲ್ಲೇಶನಿಗೆ ಹೆದರಿಕೆಯೋ ಹೆದರಿಕೆ. ಆ ಹೆದರಿಕೆಯಲ್ಲೇ ಇಷ್ಟು ದಿನ ಬಾರದ ಧೈರ್ಯ ಬಂತು.

"ಮಾರಾಕ ಇದ್ದರಲ್ಲೇನ್ರಿ! ಬೆಳ್ಳಿ ಮುಖವಾಡ ಇದ್ದಿಲ್ಲ! ಕಳುವು ಆಗಿಲ್ಲ! ನಮ್ಮ ಮುತ್ತ್ಯಾ ಕಳ್ಳ ಅಲ್ಲ! ಗೌಡ್ರ ಮುತ್ತ್ಯಾ ಪತ್ತೇದಾರನೂ ಅಲ್ಲ! ನಾ ಸುಳ್ಳು ಬರದೇನಿ!"

ಗೌಡರ ಮುಖ ಹಗೇವಿನ ಬಾಯಿಗೆ ಅಡ್ಡವಾಗಿ ಒಳಗಿದ್ದ ಬೆಳಕೂ ಹೋಯಿತು.

"ನಮ್ಮ ಮುತ್ತ್ಯಾ ಪತ್ತೇದಾರ ಅಲ್ಲಾ?"

"ನನಗೇನ್ ಗೊತ್ತ್ರಿ ಗೌಡ್ರ? ಫೋಟೋದಾಗ ಸುಮ್ಮನ ಕುಂತಾರ!"

ಗೌಡರು ಹಿಂದಕ್ಕೆ ಸರಿದು ಆಳುಗಳಿಗೆ ಹೇಳಿದ್ದು ಒಳಗೂ ಕೇಳಿಸಿತು. "ಹಗ್ಗ ಹಿಡೀರಿ, ಜಗ್ಗಬ್ಯಾಡ್ರಿ. ಬೀಗರಿಗೆಲ್ಲಾ ಪುಸ್ತಕ ಕಳಿಸೇನಿ. ಕಮಾನಿಗಿ ಕಲ್ಲು ಬಂದಾವ. ಕಳುವು ಆಗಬೇಕು, ನಮ್ಮ ಮುತ್ತ್ಯಾ ಹಿಡೀಬೇಕು. ಏನ್ ಮಾಡ್ತಿ ಮಾಡು, ಅಲ್ಲೇ ಕುಂತು ವಿಚಾರ ಮಾಡು."

ಎಷ್ಟೋ ಕಾದಂಬರಿಕಾರರ ಮೇಲೆ ವಿಮರ್ಶಕರು ಕೋಪಿಸಿಕೊಂಡದ್ದುಂಟು. ಆದರೆ ಅವರ ಕೈಯಲ್ಲಿ ಹಗ್ಗ ಇರುವುದಿಲ್ಲ.

"ಆಗಲ್ರಿ! ಕಳುವು ಆಗೇತಿ!" ಎಂದು ಯಲ್ಲೇಶ ಒಳಗಿಂದ ಕೂಗಿದ. "ಆದರ ಕಳ್ಳ ನಮ್ಮ ಮುತ್ತ್ಯಾ ಅಲ್ಲರಿ, ಬ್ಯಾರೆ ಊರಾಂವ!"

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಸ್ವಂತ ಊರಿನಲ್ಲಿ ಕಳ್ಳ ಇರುವುದು ಯಾರಿಗೂ ಇಷ್ಟವಿರಲಿಲ್ಲ. "ಯಾವೂರು?" ಎಂದರು ಗೌಡರು.

"ಯರಗುಪ್ಪಿ ಅನ್ರಿ!"

"ನಾಲಿಗಿ ಬಿಗಿ ಹಿಡೀರಿ," ಎಂದರು ಶಾರದವ್ವ. "ಯರಗುಪ್ಪಿ ನನ್ನ ತವರು."

"ಹಂಗಾರ ಸಂಶಿ?"

ರೋಹಿಣಿ ಮೇಡಂ ಹಾಳೆಯಿಂದ ತಲೆ ಎತ್ತಿ ನೋಡಿದರು. ಸಂಶಿ ಅಲ್ಲಿಗೇ ಬಿಟ್ಟುಹೋಯಿತು. ಶಲವಡಿ ಎಂದಾಗ ಸುಶೀಲವ್ವ ಕೋಲು ಎತ್ತಿದಳು. ಆಕೆಯ ತವರು ಶಲವಡಿ. ಕುಂದಗೋಳ ಎಂದರೆ ಅದು ಗೌಡರ ಮಗಳ ಅತ್ತೆಮನೆ. ಹೋಗಲಿ ಹುಬ್ಬಳ್ಳಿ ಎಂದರೆ ಕಟ್ಟೆಯ ಮೇಲಿಂದ ಫರಹತ್, "ನಮ್ಮ ಅಬ್ಬಾ ಅಲ್ಲೇ ಅದಾರ ನೋಡ್ರಿ!" ಎಂದು ಕೂಗಿದಳು. ಬಸ್ಸು ಮುಟ್ಟುವ ಊರುಗಳೆಲ್ಲ ಒಬ್ಬರಲ್ಲ ಒಬ್ಬರ ತವರುಮನೆಯಾಗಿ, ಕಳ್ಳನಿಗೆ ನಿಲ್ಲಲು ಧಾರವಾಡ ಜಿಲ್ಲೆಯಲ್ಲಿ ನೆಲವೇ ಉಳಿಯಲಿಲ್ಲ.

"ಬ್ರಿಟಿಷ್ ಸಾಹೇಬ!" ಹಗೇವಿನಿಂದ ದನಿ ಬಂತು. "ಕುದರಿ ಮ್ಯಾಲಿನ ಸಾಹೇಬ ಕದ್ದಾನ್ರಿ!"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರ ತವರೂ ಲಂಡನ್ ಇರಲಿಲ್ಲ.

"ಹೌದಪ್ಪಾ," ಎಂದಳು ಸುಶೀಲವ್ವ. "ಕೆಂಪ ಮುಖದಾಂವಂತ. ನಮ್ಮತ್ತಿ ಹೇಳ್ತಿದ್ದಳು."

"ನಮ್ಮ ಮುತ್ತ್ಯಾ ಸಾಹೇಬನ್ನ ಹಿಡದ!" ಗೌಡರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅಂದ್ರ ದೇಶಭಕ್ತ! ಕಮಾನಿನ ಮ್ಯಾಲೆ ಅದೂ ಬರಸೂಣು. ಜಗ್ರೆಲೇ ಹಗ್ಗ!"

"ಜಗ್ಗಬ್ಯಾಡ್ರಿ."

ದುಂಡವ್ವ ಯಾವಾಗ ಕಟ್ಟೆ ಇಳಿದು ಬಂದಿದ್ದಳೋ ಯಾರೂ ನೋಡಿರಲಿಲ್ಲ. ಮಡಿಲಿನ ಶೇಂಗಾ ಸಿಪ್ಪೆ ಝಾಡಿಸಿ, ಹಗೇವಿನ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು ಒಳಗೆ ಬಗ್ಗಿ ನೋಡಿದಳು.

"ಯಲ್ಲೇಶಾ, ಊರ ಮಂದಿನೆಲ್ಲಾ ಬಿಟ್ಟು ನಿಮ್ಮ ಮುತ್ತ್ಯಾನ್ನ ಯಾಕ ಕಳ್ಳನ್ನ ಮಾಡಿದಿ?"

ಯಲ್ಲೇಶ ಸಣ್ಣ ದನಿಯಲ್ಲಿ, "ಅವನ ಪರ ಯಾರೂ ಜಗಳಕ್ಕ ಬರೂದಿಲ್ಲ ಅಂತ ಮಾಡಿದ್ನಿ ಯವ್ವಾ," ಎಂದ.

"ನಾ ಬಂದೇನಲ್ಲೋ."

ಹಗ್ಗ ಹಿಡಿದಿದ್ದ ಆಳುಗಳು ನೆಲ ನೋಡಿದರು.

"ಈಗ ಸಾಹೇಬ ಕಳ್ಳ ಆದ," ಎಂದಳು ದುಂಡವ್ವ. "ನಿಮ್ಮ ಮುತ್ತ್ಯಾ ಏನಾದ?"

"ಈಗ ಅಂವ ಪುಸ್ತಕದಾಗ ಇಲ್ಲವಾ."

"ಯಾಕಿಲ್ಲ? ಕಳ್ಳ ಆಗಿದ್ರ ಇರಬೇಕು, ಇಲ್ಲಂದ್ರ ಹೆಸರೂ ಬ್ಯಾಡೇನು?" ದುಂಡವ್ವ ಗೌಡರ ಕಡೆ ತಿರುಗಿದಳು. "ಗೌಡ್ರ, ನಾ ಹೇಳೂದು ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ಸಾಹೇಬ ಕುದರಿ ಹತ್ತಿ ಓಡಿದ ಅಂತ ಇಟ್ಕೊಳ್ರಿ. ನಿಮ್ಮ ಮುತ್ತ್ಯಾ ಬೆನ್ನ ಹತ್ತಿದ್ರೇನು? ಆ ಫೋ‌ಟೋ ನಾನೂ ನೋಡೇನ್ರಿ."

ಗೌಡರು ಹೆಂಡತಿಯ ಮುಖ ನೋಡಿದರು.

"ಎದ್ದು ನಿಂದ್ರೂದ ತ್ರಾಸಿತ್ತಂತ್ರಿ ಅವರಿಗೆ," ಎಂದರು ಶಾರದವ್ವ. ಗಂಡನ ಮನೆಯ ಹಿರಿಯರ ಬಗ್ಗೆ ಸುಳ್ಳು ಹೇಳುವುದು ಅವರಿಗೆ ಬರುವುದಿಲ್ಲ.

"ಮತ್ತ ಓಡಿದಾಂವ ಯಾರು?" ಎಂದಳು ದುಂಡವ್ವ. "ಕರಿ ಹೊಲದಾಗ ಹೆಜ್ಜಿ ನೋಡ್ಕೋತ ಹೋದಾಂವ ಯಾರು? ಊರ ಕಾಳು ಕಾದಾಂವನ ಹೋಗಿರಬೇಕಲ್ರಿ."

ಗೌಡರು ಬಹಳ ಹೊತ್ತು ಮೀಸೆ ತಿರುವಿದರು. ಅವರ ಮುತ್ತಜ್ಜನ ವಿಚಾರಶಕ್ತಿ ಅವರಲ್ಲಿ ಅಷ್ಟಾಗಿ ಇಳಿದು ಬಂದಿಲ್ಲದಿದ್ದರೂ ನ್ಯಾಯ ತಿಳಿಯದವರಲ್ಲ.

"ಹಿಡಿ ಅಂತ ಹೇಳಿದವ್ರು ನಮ್ಮವ್ರು," ಎಂದರು.

"ಹಿಡದಾಂವ ನಮ್ಮಾಂವ," ಎಂದಳು ದುಂಡವ್ವ.

"ಹೌದ, ಸಾಹೇಬನ್ನ ಹಿಡದಾಂವ ಲಕ್ಕಪ್ಪನ," ಎಂದಳು ಸುಶೀಲವ್ವ. ಇತಿಹಾಸ ಅಲ್ಲಿಗೆ ನಿಶ್ಚಯವಾಯಿತು.

"ಮತ್ತ ಬೆಳ್ಳಿ?" ರೋಹಿಣಿ ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದರು. ಲಂಡನ್ನಿಗೆ ಹೋಯಿತು ಎಂದು ಒಳಗಿಂದ ಉತ್ತರ ಬಂತು. 'ಸದರಿ ವಸ್ತು ಈ ಪಂಚಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ' ಎಂದು ಅವರು ಬರೆದು ಸಹಿ ಮಾಡಿದರು. ಕಡತ ಮುಗಿದ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ಹಗ್ಗಕ್ಕೆ ಮೊದಲು ಕೈ ಹಾಕಿದವಳು ದುಂಡವ್ವ. ಆಮೇಲೆ ಆಳುಗಳು, ಆಮೇಲೆ ಗೌಡರೂ ಒಂದು ಕೈ ಸೇರಿಸಿದರು. ಯಲ್ಲೇಶ ಮೇಲೆ ಬಂದಾಗ ತಲೆ, ಹುಬ್ಬು, ಅಂಗಿ ಎಲ್ಲ ಹೊಟ್ಟು. ಕಣ್ಣು ಕೆಂಪಾಗಿದ್ದವು, ಧೂಳಿನಿಂದ ಎಂದು ಅವನು ಹೇಳಿದ. ಮುಂದಿನ ಮುದ್ರಣದಲ್ಲಿ ಎಲ್ಲ ತಿದ್ದಿ ಬರೆಯುತ್ತೇನೆ, ಮುತ್ತ್ಯಾನಿಗೆ ಹತ್ತು ಅಧ್ಯಾಯ ಕೊಡುತ್ತೇನೆ ಎಂದು ತಾಯಿಯ ಬೆನ್ನ ಹಿಂದೆಯೇ ಒದರುತ್ತ ನಡೆದ.

ದುಂಡವ್ವ ತಿರುಗಿ ನೋಡಲಿಲ್ಲ. ಫರಹತಳ ಕಟ್ಟೆಗೆ ಹೋಗಿ, ತನ್ನ ಕೌದಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಸ್ವಂತ ಮನೆಯ ಹೊಸ್ತಿಲು ದಾಟಿದಳು. ಒಳಗಿನಿಂದ ಅವಳ ದನಿ ಕೇಳಿಸಿತು.

"ಬರ್ಯೂದು ಆಮ್ಯಾಲ. ಮದಲ ಜಳಕ ಮಾಡಿ ಬಾ, ನನಗೂ ಹಸದೈತಿ."